ಒಂದೇ ತಟ್ಟೆ, ಹಲವು ಗಡಿಯಾರ: ಹಳೆಯ ಶಾಸ್ತ್ರೀಯ ಧ್ವನಿಮುದ್ರಿಕೆ ಎಲ್ಲರ ಸ್ವತ್ತಾಗುವುದು ಯಾವಾಗ?

ಅಮೆರಿಕದಲ್ಲಿ 1925ರಲ್ಲಿ ಹೊರಬಂದ ಧ್ವನಿಮುದ್ರಿಕೆಗಳು 2026ರ ಜನವರಿ 1ರಂದು ಸಾರ್ವಜನಿಕ ಸ್ವತ್ತಾದವು. ಅದೇ ದಿನ, ಅದೇ ದೇಶದಲ್ಲಿ, 1930ರಲ್ಲಿ ಪ್ರಕಟವಾದ ಸಂಗೀತ ರಚನೆಗಳೂ ಮುಕ್ತವಾದವು. ಭಾರತದಲ್ಲಿ ಅಂದು ಅವಧಿ ಮುಗಿದದ್ದು 1965ರ ಮುದ್ರಿಕೆಗಳಿಗೆ. ಇದಕ್ಕೆ ಕೆಲವೇ ತಿಂಗಳ ಹಿಂದೆ, 2025ರ ಸೆಪ್ಟೆಂಬರಿನಲ್ಲಿ, ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಡಿಜಿಟಲ್ ರೂಪಕ್ಕೆ ತಂದು ಉಚಿತವಾಗಿ ಕೇಳಿಸುತ್ತಿದ್ದ ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯೂ, ಅದರ ಮೇಲೆ ದಾವೆ ಹೂಡಿದ್ದ ದೊಡ್ಡ ಸಂಗೀತ ಕಂಪನಿಗಳೂ, ಹೊರಗೆ ತಿಳಿಸದ ಷರತ್ತುಗಳ ಮೇಲೆ ರಾಜಿಯಾಗಿದ್ದವು.

ಹಳೆಯ ಶಾಸ್ತ್ರೀಯ ಸಂಗೀತವನ್ನು ಕೂಡಿಟ್ಟು ಕೇಳುವವರಿಗೆ ಈ ಇಸವಿಗಳ ಲೆಕ್ಕ ತಾಳೆಯಾಗುವುದಿಲ್ಲ. ಜರ್ಮನ್ ರಚನಕಾರ ಬಾಖ್ ತೀರಿಕೊಂಡದ್ದು 1750ರಲ್ಲಿ, ತ್ಯಾಗರಾಜರು 1847ರಲ್ಲಿ. ಇಷ್ಟು ಹಳೆಯ ಸಂಗೀತಕ್ಕೆ ಇನ್ನೂ ಒಡೆಯರಿರುವುದು ಹೇಗೆ? ಒಂದು ದೇಶದಲ್ಲಿ ಯಾರು ಬೇಕಾದರೂ ಪ್ರತಿ ಮಾಡಬಹುದಾದ ತಟ್ಟೆ ಇನ್ನೊಂದು ದೇಶದಲ್ಲಿ ನಿಷಿದ್ಧವಾಗುವುದೇಕೆ? ಮುದ್ರಿಕೆಯ ಮಟ್ಟಿಗೆ, ಸಂಗೀತ ಎಷ್ಟು ಹಳೆಯದು ಎಂಬುದನ್ನು ಕಾನೂನು ನೋಡುವುದೇ ಇಲ್ಲ. ತಟ್ಟೆ ಯಾವ ವರ್ಷದ್ದು, ಅದನ್ನು ಕೇಳುವವರು ಯಾವ ದೇಶದಲ್ಲಿದ್ದಾರೆ ಎಂಬುದನ್ನಷ್ಟೇ ಅದು ನೋಡುತ್ತದೆ. ಗೊಂದಲದ ಬೇರು ಇರುವುದು ಇಲ್ಲಿ.

ರಚನೆ ಬೇರೆ, ಮುದ್ರಿಕೆ ಬೇರೆ

ಒಂದು ಧ್ವನಿಮುದ್ರಿಕೆಯೊಳಗೆ ಕನಿಷ್ಠ ಎರಡು ಸ್ವತ್ತುಗಳಿರುತ್ತವೆ. ಮೊದಲನೆಯದು ರಚನೆ, ಅಂದರೆ ವಾಗ್ಗೇಯಕಾರನ ಕೃತಿ ಅಥವಾ ಪಾಶ್ಚಾತ್ಯ ಸಂಗೀತದಲ್ಲಿ ಸ್ವರಪ್ರಸ್ತಾರವಾಗಿ ಬರೆದಿಟ್ಟ ಕೃತಿ. ಭಾರತದಲ್ಲಿ ಇದರ ಕೃತಿಸ್ವಾಮ್ಯ (ಕಾಪಿರೈಟ್) ರಚನಕಾರನ ಜೀವಿತಾವಧಿ ಮತ್ತು ಆ ಬಳಿಕದ 60 ವರ್ಷ. 1961ರಲ್ಲಿ ತೀರಿಕೊಂಡ ಮೈಸೂರು ವಾಸುದೇವಾಚಾರ್ಯರ ಕೃತಿಗಳ ಅವಧಿ ಈ ಲೆಕ್ಕದಲ್ಲಿ 2021ರ ಕೊನೆಗೆ ಮುಗಿಯಿತು. ತ್ಯಾಗರಾಜರೂ ಸೇರಿದ ಕರ್ನಾಟಕ ಸಂಗೀತದ ತ್ರಿಮೂರ್ತಿಗಳ ಕೃತಿಗಳ ಮಟ್ಟಿಗೆ ಈ ಪ್ರಶ್ನೆಯೇ ಏಳುವುದಿಲ್ಲ.

ಎರಡನೆಯದು ಮುದ್ರಿಕೆ. ಒಂದು ದಿನ, ಒಂದು ಕೋಣೆಯಲ್ಲಿ, ಒಬ್ಬ ಕಲಾವಿದ ಹಾಡಿದ್ದನ್ನು ಅಥವಾ ನುಡಿಸಿದ್ದನ್ನು ಹಿಡಿದಿಟ್ಟ ಧ್ವನಿ ಅದು. ಅದರ ಅವಧಿಯನ್ನು ಎಣಿಸಲು ಕಾನೂನು ಬೇರೆಯೇ ಗಡಿಯಾರವನ್ನು ಇಟ್ಟುಕೊಂಡಿದೆ. ಆದ್ದರಿಂದ ಬಾಖ್‌ನ ಕೃತಿಯನ್ನು ಯಾರು ಬೇಕಾದರೂ ನುಡಿಸಬಹುದು, ಆದರೆ ಇನ್ನೊಬ್ಬರು ನುಡಿಸಿದ್ದನ್ನು ಪ್ರತಿ ಮಾಡಿ ಹಂಚುವಂತಿಲ್ಲ.

ಈ ವಿಭಜನೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಒಗ್ಗಿದಷ್ಟು ನಮ್ಮ ಸಂಗೀತಕ್ಕೆ ಒಗ್ಗುವುದಿಲ್ಲ ಎಂಬುದನ್ನು ಗಮನಿಸಬೇಕು. ಮುದ್ರಿಕೆಗೆ ಬೀಗ ಬಿದ್ದರೂ ಅಲ್ಲಿ ಪುಸ್ತಕದಲ್ಲಿ ಕೃತಿ ಉಳಿದಿರುತ್ತದೆ. 1937ರಲ್ಲಿ ತೀರಿಕೊಂಡ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ಮೂರು ನಿಮಿಷದ ತಟ್ಟೆಯೊಳಗೆ ಮೂಡಿಸಿದ ರಾಗವಿಸ್ತಾರಕ್ಕಾಗಲಿ, ಕಛೇರಿಯೊಂದರಲ್ಲಿ ಅರಳಿದ ಆಲಾಪನೆಗಾಗಲಿ ಬೇರೆ ಪಾಠವೆಂಬುದಿಲ್ಲ. ಹಾಡುವಾಗಲೇ ಕಟ್ಟುತ್ತ ಹೋಗುವ ಮನೋಧರ್ಮ ಸಂಗೀತದಲ್ಲಿ ಮುದ್ರಿಕೆಯೇ ಗ್ರಂಥ, ಅದೇ ಅದರ ಏಕಮಾತ್ರ ಪ್ರತಿ.

ಅಮೆರಿಕದ ಒರಟು ಮೆಟ್ಟಿಲುಗಳು

ಅತಿ ಹೆಚ್ಚು ಗೊಂದಲ ಹುಟ್ಟಿಸಿರುವುದು ಅಮೆರಿಕದ ಕಾನೂನು, ಅದಕ್ಕೆ ಚಾರಿತ್ರಿಕ ಕಾರಣವಿದೆ. ಯಾಂತ್ರಿಕ ಪಿಯಾನೋಗಳಿಗೆ ಹಾಕುತ್ತಿದ್ದ ತೂತುಕಾಗದದ ಸುರುಳಿಯನ್ನು ಸಂಗೀತ ಕೃತಿಯ 'ಪ್ರತಿ' ಎನ್ನಲಾಗದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1908ರಲ್ಲಿ ಹೇಳಿತು. ಮರುವರ್ಷ ಬಂದ ಕೃತಿಸ್ವಾಮ್ಯ ಕಾಯ್ದೆ ರಚನಕಾರರಿಗೆ ಮುದ್ರಿಕೆಗಳಿಂದ ಸಂಭಾವನೆ ಸಿಗುವ ದಾರಿಯನ್ನೇನೋ ಮಾಡಿತು, ಮುದ್ರಿಕೆಗೇ ಹಕ್ಕು ಕೊಡಲಿಲ್ಲ. ಒಕ್ಕೂಟದ ಮಟ್ಟದಲ್ಲಿ ಧ್ವನಿಮುದ್ರಿಕೆಗೆ ರಕ್ಷಣೆ ದೊರೆತದ್ದು 1972ರ ಫೆಬ್ರವರಿ 15ರಿಂದ ಈಚೆಗೆ. ಅದಕ್ಕೂ ಹಿಂದಿನವು ಆಯಾ ರಾಜ್ಯಗಳ ಕಾನೂನಿನ ಕೈಯಲ್ಲಿ ಉಳಿದವು, ಅವುಗಳಿಗೆ ಅವಧಿ ಮುಗಿಯುವ ದಿನಾಂಕವೇ ಇರಲಿಲ್ಲ ಎನ್ನಬಹುದು.

ಇದರ ಪರಿಣಾಮ ಎಷ್ಟು ದೂರ ಹೋಗಬಲ್ಲದು ಎಂಬುದನ್ನು 2005ರಲ್ಲಿ ತೀರ್ಮಾನವಾದ ಒಂದು ಮೊಕದ್ದಮೆ ತೋರಿಸಿತು. 1932ರಲ್ಲಿ ಯಹೂದಿ ಮೆನುಹಿನ್ ನುಡಿಸಿದ ಎಲ್ಗಾರ್ ವಯಲಿನ್ ಕಾನ್ಸರ್ಟೊ, 1936ರಿಂದ 1939ರವರೆಗೆ ಪಾಬ್ಲೊ ಕಸಾಲ್ಸ್ ನುಡಿಸಿದ ಬಾಖ್ ಚೆಲ್ಲೊ ಸ್ವೀಟ್‌ಗಳು, ಎಡ್ವಿನ್ ಫಿಶರ್ ನುಡಿಸಿದ ಬಾಖ್ ಪಿಯಾನೋ ಕೃತಿಗಳು ಇವನ್ನೆಲ್ಲ ನಾಕ್ಸೋಸ್ ಕಂಪನಿ ಹಳೆಯ ಅರಗಿನ ತಟ್ಟೆಗಳಿಂದ ಎತ್ತಿ, ಶುದ್ಧಗೊಳಿಸಿ, ಸಿ.ಡಿ.ಗಳಾಗಿ ಮಾರಿತ್ತು. ಬ್ರಿಟನ್ನಿನಲ್ಲಿ ಇವುಗಳ 50 ವರ್ಷದ ಅವಧಿ ಅಷ್ಟರಲ್ಲಾಗಲೇ ಮುಗಿದಿತ್ತು. ತವರಿನಲ್ಲಿ ಅವಧಿ ಮುಗಿದಿದ್ದರೂ ನ್ಯೂಯಾರ್ಕ್ ರಾಜ್ಯದ ರೂಢಿಗತ ಕಾನೂನಿನಡಿ ರಕ್ಷಣೆ ಉಳಿದೇ ಇರುತ್ತದೆ ಎಂದು ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ ಹೇಳಿತು. ನಾಕ್ಸೋಸ್ ಮತ್ತು ಅಂಥ ಕಂಪನಿಗಳ ಚಾರಿತ್ರಿಕ ಮುದ್ರಿಕೆಗಳ ಮೇಲೆ 'ಅಮೆರಿಕದಲ್ಲಿ ಮಾರಾಟಕ್ಕಲ್ಲ' ಎಂಬ ಸಾಲು ಕಾಣಿಸುತ್ತಿದ್ದುದರ ಹಿಂದಿದ್ದದ್ದು ಇದೇ ಭಯ.

2018ರ ಸಂಗೀತ ಆಧುನೀಕರಣ ಕಾಯ್ದೆ ಈ ಗೋಜಲಿಗೆ ಮೊದಲ ಬಾರಿ ದಿನಾಂಕಗಳನ್ನು ಕೊಟ್ಟಿತು. 1923ಕ್ಕಿಂತ ಹಿಂದೆ ಪ್ರಕಟವಾದವೆಲ್ಲ 2022ರ ಜನವರಿ 1ರಂದು ಒಟ್ಟಿಗೆ ಮುಕ್ತವಾದವು. 1923ರಿಂದ 1946ರವರೆಗಿನವಕ್ಕೆ ಪ್ರಕಟಣೆಯಿಂದ 100 ವರ್ಷ, 1947ರಿಂದ 1956ರವರೆಗಿನವಕ್ಕೆ 110 ವರ್ಷ. ಅಲ್ಲಿಂದ 1972ರ ಫೆಬ್ರವರಿ ಮಧ್ಯದವರೆಗಿನವೆಲ್ಲ 2067ರ ಫೆಬ್ರವರಿ 15ರವರೆಗೆ ಕಾಯಬೇಕು.

ಈ ಮೆಟ್ಟಿಲುಗಳು ಸಮನಾಗಿಲ್ಲ. 1946ರ ತಟ್ಟೆಗಳು 2047ರಲ್ಲಿ ಮುಕ್ತವಾದರೆ 1947ರವು ಮುಕ್ತವಾಗುವುದು 2058ರಲ್ಲಿ. ನಡುವಿನ ಹತ್ತು ಹೊಸವರ್ಷಗಳಲ್ಲಿ ಈ ಸಾಲಿನಿಂದ ಒಂದೂ ಹೊರಬರುವುದಿಲ್ಲ. ಹೆಚ್ಚು ಹೊತ್ತು ನುಡಿಯುವ ಎಲ್‌ಪಿ ತಟ್ಟೆ 1948ರಲ್ಲಿ ಬಂತು, ಮುದ್ರಣಕ್ಕೆ ಕಾಂತೀಯ ಟೇಪು ಬಳಕೆಗೆ ಬಂದದ್ದೂ ಸುಮಾರು ಅದೇ ಕಾಲದಲ್ಲಿ. ಅಂದರೆ ದೀರ್ಘ ಕೃತಿಗಳನ್ನು ತುಂಡರಿಸದೆ, ಸಾಕಷ್ಟು ನಿಖರವಾಗಿ ಹಿಡಿದಿಡಲು ಸಾಧ್ಯವಾದ ಮೊದಲ ಕಾಲು ಶತಮಾನವೇ ಅತಿ ದೀರ್ಘವಾದ ಬೀಗದೊಳಗೆ ಸಿಕ್ಕಿಕೊಂಡಿದೆ.

ಹಾಗಿದ್ದೂ 2026ರ ಸರದಿಗೆ ಒಂದು ವಿಶೇಷವಿದೆ. 1925ರವರೆಗೆ ಕಲಾವಿದರು ದೊಡ್ಡ ಕಹಳೆಯ ಬಾಯಿಗೆ ಹಾಡಬೇಕಿತ್ತು. ಧ್ವನಿಯ ಬಲವೇ ಮುಳ್ಳನ್ನು ಅಲುಗಿಸಿ ಮೇಣದಲ್ಲಿ ಗೆರೆ ಕೊರೆಯುತ್ತಿತ್ತು. ದೊಡ್ಡ ವಾದ್ಯವೃಂದವನ್ನು ಕುಗ್ಗಿಸಿ, ಮಂದ್ರದ ತಂತಿವಾದ್ಯಗಳ ಜಾಗದಲ್ಲಿ ಟ್ಯೂಬಾ ಊದಿಸುವುದು ರೂಢಿಯಾಗಿತ್ತು. ಮೈಕ್ರೊಫೋನು ಬಳಸುವ ವಿದ್ಯುತ್ ಮುದ್ರಣ ಮಾರುಕಟ್ಟೆಗೆ ಬಂದದ್ದು 1925ರಲ್ಲಿ. ಆ ವರ್ಷದ ವಸಂತದಲ್ಲಿ ಆಲ್ಫ್ರೆಡ್ ಕೊರ್ತೊ ನುಡಿಸಿದ ಪಿಯಾನೋ, ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿ ನಡೆಸಿದ ಫಿಲಡೆಲ್ಫಿಯಾ ವಾದ್ಯವೃಂದ ಈ ಹೊಸ ವಿಧಾನದ ಮೊದಲ ಫಲಗಳಲ್ಲಿ ಸೇರಿವೆ. ಅಮೆರಿಕದಲ್ಲಿ ಈವರೆಗೆ ಮುಕ್ತವಾಗಿದ್ದವು ಬಹುಪಾಲು ಕಹಳೆಯ ಕಾಲದ ತಟ್ಟೆಗಳು. ಮೈಕ್ರೊಫೋನಿನ ಕಾಲ ತೆರೆಯತೊಡಗಿದ್ದು ಈಗ.

1963ರಲ್ಲಿ ನಿಂತ ಯುರೋಪಿನ ಗೋಡೆ

ಯುರೋಪಿನಲ್ಲಿ ಮುದ್ರಿಕೆಗೆ ಮೊದಲಿದ್ದದ್ದು 50 ವರ್ಷ. ಐರೋಪ್ಯ ಒಕ್ಕೂಟ ತನ್ನ ಸದಸ್ಯ ದೇಶಗಳಿಗೆ ಹೊರಡಿಸಿದ 2011ರ ನಿರ್ದೇಶನ ಅದನ್ನು 70ಕ್ಕೆ ಏರಿಸಿತು, ಆದರೆ ಆಗಲೇ ಅವಧಿ ಮುಗಿದವಕ್ಕೆ ಮರುಜೀವ ಕೊಡಲಿಲ್ಲ. ಹೀಗಾಗಿ 1962ರವರೆಗೆ ಪ್ರಕಟವಾದವೆಲ್ಲ ಮುಕ್ತ. 1963ರವು 2033ರ ಕೊನೆಯವರೆಗೆ ಬಂಧನದಲ್ಲಿ.

ಈ ಗೋಡೆ ಎಷ್ಟು ವಿಚಿತ್ರವಾದ ಜಾಗದಲ್ಲಿ ಹಾದುಹೋಗಿದೆ ಎಂಬುದನ್ನು ನೋಡಲು ಜಾರ್ಜ್ ಸೋಲ್ಟಿಯ ವಾದ್ಯವೃಂದ ನಿರ್ದೇಶನದಲ್ಲಿ ಡೆಕ್ಕಾ ಕಂಪನಿ ಹೊರತಂದ, ಜರ್ಮನ್ ರಚನಕಾರ ವಾಗ್ನರ್‌ನ 'ರಿಂಗ್' ಮುದ್ರಿಕೆಯೊಂದೇ ಸಾಕು. ನಾಲ್ಕು ಒಪೆರಾಗಳ (ಗೀತನಾಟಕಗಳ) ಈ ಸರಣಿಯಲ್ಲಿ 'ರೈನ್‌ಗೋಲ್ಡ್' 1959ರಲ್ಲಿ, 'ಸೀಗ್‌ಫ್ರೀಡ್' 1963ರಲ್ಲಿ, 'ಗ್ಯೋಟರ್‌ಡೆಮರುಂಗ್' 1965ರಲ್ಲಿ, 'ವಾಲ್ಕ್ಯೂರ' 1966ರಲ್ಲಿ ಬಿಡುಗಡೆಯಾದವು. ಒಬ್ಬನೇ ನಿರ್ದೇಶಕ, ಒಂದೇ ವಾದ್ಯವೃಂದ, ಒಂದೇ ಕಥೆ. ಆದರೂ ಯುರೋಪಿನಲ್ಲಿ ಮೊದಲನೆಯದು ಎಂದೋ ಮುಕ್ತವಾಯಿತು, ಉಳಿದ ಮೂರು 2034, 2036 ಮತ್ತು 2037ರವರೆಗೆ ಕಾಯಬೇಕು.

ಇಡಿಯ ಗೊಂದಲವನ್ನು ಒಂದೇ ಉದಾಹರಣೆಯಲ್ಲಿ ಹೇಳಬೇಕೆಂದರೆ, ಪಿಯಾನೋ ವಾದಕ ಗ್ಲೆನ್ ಗೂಲ್ಡ್ 1955ರಲ್ಲಿ ನುಡಿಸಿ 1956ರ ಜನವರಿಯಲ್ಲಿ ಬಿಡುಗಡೆಯಾದ ಬಾಖ್‌ನ 'ಗೋಲ್ಡ್‌ಬರ್ಗ್ ವೇರಿಯೇಷನ್ಸ್' ತಟ್ಟೆಯನ್ನು ತೆಗೆದುಕೊಳ್ಳಬಹುದು. ಯುರೋಪಿನಲ್ಲಿ ಅದರ ಅವಧಿ 2006ರ ಕೊನೆಗೆ ತೀರಿತು, ಭಾರತದಲ್ಲಿ 2016ರ ಕೊನೆಗೆ. ಅಮೆರಿಕದಲ್ಲಿ ತೀರುವುದು 2066ರ ಕೊನೆಗೆ. ತಟ್ಟೆ ಒಂದೇ, ಅಂತರ 60 ವರ್ಷ.

ಭಾರತದ 60 ವರ್ಷ

ಇವುಗಳ ಮುಂದೆ ಭಾರತದ ನಿಯಮ ಸರಳ. ಮುದ್ರಿಕೆ ಪ್ರಕಟವಾದ ವರ್ಷ ಕಳೆದು ಮರುವರ್ಷದ ಆರಂಭದಿಂದ 60 ವರ್ಷ. ಮೊದಲು ಇದು 50 ಆಗಿತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟಾಗೋರರ ಕೃತಿಗಳ ಹಕ್ಕು ವಿಶ್ವಭಾರತಿಯ ಕೈತಪ್ಪುವ ಹೊತ್ತಿಗೆ 1992ರ ತಿದ್ದುಪಡಿ ಹತ್ತು ವರ್ಷ ಸೇರಿಸಿತು. ಒಬ್ಬ ಕವಿಗಾಗಿ ಆದ ಬದಲಾವಣೆಯಲ್ಲಿ ದೇಶದ ಎಲ್ಲ ಗ್ರಾಮಫೋನ್ ತಟ್ಟೆಗಳ ಆಯುಸ್ಸೂ ಬೆಳೆಯಿತು!

ಸೋಲ್ಟಿಯ 'ರಿಂಗ್' ಭಾರತದಲ್ಲಿ ಕಂತುಕಂತಾಗಿ ಬಿಡುಗಡೆ ಕಾಣುತ್ತಿದೆ. 'ರೈನ್‌ಗೋಲ್ಡ್' ಮತ್ತು 'ಸೀಗ್‌ಫ್ರೀಡ್' ಮೊದಲೇ ಮುಕ್ತವಾಗಿದ್ದವು, 'ಗ್ಯೋಟರ್‌ಡೆಮರುಂಗ್' 2026ರ ಜನವರಿಯಲ್ಲಿ ಸೇರಿಕೊಂಡಿತು. ಹಿಂದೂಸ್ತಾನಿ ಮತ್ತು ಕರ್ನಾಟಕ ಸಂಗೀತದ 78 ಸುತ್ತಿನ ತಟ್ಟೆಗಳ ಯುಗ ಬಹುಮಟ್ಟಿಗೆ ಅವಧಿ ಮುಗಿದ ಈ ವರ್ಷಗಳೊಳಗೇ ಬರುತ್ತದೆ; ಇನ್ನು ಮುಂದಿನ ವರ್ಷಗಳದ್ದು ಎಲ್‌ಪಿಗಳ ಸರದಿ.

ಆದರೆ ಕಛೇರಿಯ ಟೇಪುಗಳ ವಿಷಯ ಬಂದಾಗ ಈ ಸರಳತೆ ಮಾಯವಾಗುತ್ತದೆ. ರೇಡಿಯೊದಲ್ಲಿ ಬಿತ್ತರವಾದ ಕಛೇರಿಯೊಂದರ ಮೇಲೆ ಪ್ರಸಾರಕರಿಗೆ 25 ವರ್ಷದ ಹಕ್ಕಿದೆ. 1994ರ ತಿದ್ದುಪಡಿಯಲ್ಲಿ ಮೊದಲು ಕಾಣಿಸಿಕೊಂಡ ಪ್ರದರ್ಶಕರ ಹಕ್ಕು ಈಗ 50 ವರ್ಷದ್ದು, ಅದನ್ನು ಎಣಿಸುವುದು ಕಛೇರಿ ನಡೆದ ವರ್ಷದಿಂದ. ಮುದ್ರಿಕೆಯ ಕೃತಿಸ್ವಾಮ್ಯದ 60 ವರ್ಷವನ್ನು ಎಣಿಸುವುದು ಪ್ರಕಟಣೆಯಿಂದ. ಎಂದೂ ಪ್ರಕಟವೇ ಆಗದ ಟೇಪಿನ ಮಟ್ಟಿಗೆ ಈ ಮೂರನೆಯ ಗಡಿಯಾರ ಓಡಲು ಶುರುವಾಗಿಯೇ ಇಲ್ಲ. ಸಭಾಂಗಣದ ಮೂಲೆಯಲ್ಲಿ ಕೂತು ಯಾರೋ ಹಿಡಿದಿಟ್ಟ ಕಛೇರಿಗಳು, ನಮ್ಮ ಸಂಗೀತದ ಮಟ್ಟಿಗೆ ಎಷ್ಟೋ ಸಲ ಸ್ಟುಡಿಯೊ ತಟ್ಟೆಗಳಿಗಿಂತ ಬೆಲೆಬಾಳುವಂಥವು, ಕಾನೂನಿನ ಕಣ್ಣಿನಲ್ಲಿ ಅತಿ ಅಸ್ಪಷ್ಟವಾದ ಸ್ಥಾನದಲ್ಲಿರುವುದು ಇದರಿಂದಲೇ.

ಎರಡು ಕಡೆಯ ವಾದ

ಕಂಪನಿಗಳ ವಾದವನ್ನು ಬರಿಯ ದುರಾಸೆ ಎಂದು ತಳ್ಳಿಹಾಕುವುದು ಸರಿಯಲ್ಲ. ಮೂಲ ಟೇಪುಗಳನ್ನು ತೇವ ಮತ್ತು ಶಾಖದಿಂದ ಕಾಪಾಡುವುದು, ನುರಿತ ತಂತ್ರಜ್ಞರಿಂದ ಶುದ್ಧಗೊಳಿಸುವುದು ದುಬಾರಿ ಕೆಲಸ. ಅರಗಿನ ತಟ್ಟೆಯಿಂದ ಎತ್ತಿದ ಪ್ರತಿಯೊಂದು ಉಚಿತವಾಗಿ ಸಿಗುವಾಗ ಆ ಹಣ ಹಿಂತಿರುಗುವ ಭರವಸೆ ಇರುವುದಿಲ್ಲ ಎಂಬುದು ಅವರ ಅಳಲು. ಯುರೋಪಿನಲ್ಲಿ ಅವಧಿ ಹೆಚ್ಚಿಸುವಾಗ ಮುಂದಿಟ್ಟದ್ದು ಇಳಿವಯಸ್ಸಿನ ಕಲಾವಿದರ ಹಿತವನ್ನು. ಆ ನಿರ್ದೇಶನದ ಪ್ರಕಾರ, 50 ವರ್ಷ ಕಳೆದ ಬಳಿಕ ಬರುವ ಆದಾಯದ ಶೇ. 20ನ್ನು, ಒಮ್ಮೆ ಮಾತ್ರ ಸಂಭಾವನೆ ಪಡೆದು ಹಕ್ಕು ಬಿಟ್ಟುಕೊಟ್ಟಿದ್ದ ವಾದಕರಿಗಾಗಿ ಕಂಪನಿ ಎತ್ತಿಡಬೇಕು.

ಸಂಗ್ರಾಹಕರು ಮತ್ತು ಗ್ರಂಥಪಾಲಕರ ಉತ್ತರವೂ ಗಟ್ಟಿಯಾದದ್ದೇ. ಕಂಪನಿಗಳು ಕಾಪಾಡುವುದು ಮಾರಾಟವಾಗುವುದನ್ನು ಮಾತ್ರ ಎನ್ನುತ್ತಾರೆ ಅವರು. 1890ರಿಂದ 1964ರವರೆಗಿನ ಚಾರಿತ್ರಿಕ ಮಹತ್ವದ ಅಮೆರಿಕನ್ ಮುದ್ರಿಕೆಗಳ ಬಗ್ಗೆ 2005ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಹಕ್ಕುದಾರರು ಮರುಬಿಡುಗಡೆ ಮಾಡಿದ್ದು ಅವುಗಳಲ್ಲಿ ಶೇ. 14ರಷ್ಟನ್ನು ಮಾತ್ರ ಎಂದು ತೋರಿಸಿತು. ಮೂಲ ಟೇಪು ಕಂಪನಿಯ ಉಗ್ರಾಣದಲ್ಲಿದ್ದರೆ ಸುರಕ್ಷಿತ ಎಂಬ ನಂಬಿಕೆಗೂ ಪೆಟ್ಟು ಬಿದ್ದಿದೆ. 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋಸ್ ಆವರಣದಲ್ಲಿ ಬಿದ್ದ ಬೆಂಕಿಯಲ್ಲಿ ಸಂಗೀತದ ಮೂಲ ಟೇಪುಗಳೂ ಸುಟ್ಟುಹೋದವೆಂಬುದು ಜಗತ್ತಿಗೆ ವಿವರವಾಗಿ ತಿಳಿದದ್ದು 2019ರಲ್ಲಿ. ನಷ್ಟದ ಪ್ರಮಾಣದ ಬಗ್ಗೆ ಕಂಪನಿಗೆ ತಕರಾರಿದೆ, ನಷ್ಟವಾದದ್ದರ ಬಗ್ಗೆ ಇಲ್ಲ.

ಇಂಟರ್‌ನೆಟ್ ಆರ್ಕೈವ್ ಮೊಕದ್ದಮೆಯಲ್ಲಿ ಈ ಎರಡು ವಾದಗಳು ನೇರವಾಗಿ ಮುಖಾಮುಖಿಯಾಗಿದ್ದವು. 2023ರ ಆಗಸ್ಟಿನಲ್ಲಿ ಹೂಡಿದ ದಾವೆಯಲ್ಲಿ ಕಂಪನಿಗಳು ಹೆಸರಿಸಿದ್ದು 2,749 ಮುದ್ರಿಕೆಗಳನ್ನು. ಒಂದೊಂದಕ್ಕೆ ಕಾನೂನು ಅನುಮತಿಸುವ ಗರಿಷ್ಠ ಪರಿಹಾರ 1,50,000 ಡಾಲರ್ ಆದ್ದರಿಂದ ಒಟ್ಟು ಮೊತ್ತ 41 ಕೋಟಿ ಡಾಲರ್ ದಾಟುತ್ತಿತ್ತು. ಹೆಸರಿಸಿದವುಗಳಲ್ಲಿ ಜನಪ್ರಿಯ ಹಾಡುಗಳು, ಸುಲಭವಾಗಿ ಎಲ್ಲೆಡೆ ಸಿಗುವಂಥವು, ಮುಂಚೂಣಿಯಲ್ಲಿದ್ದವು. ಎಲ್ಲೂ ಸಿಗದ ಅಪರೂಪದ ತಟ್ಟೆಗಳ ಮೇಲೆ ಜಗಳ ನಡೆಯಲೇ ಇಲ್ಲ. ಪ್ರಕರಣ ರಾಜಿಯಲ್ಲಿ ಮುಗಿದುದರಿಂದ ಗ್ರಂಥಾಲಯವೊಂದು ಸಂರಕ್ಷಣೆಗಾಗಿ ಎಷ್ಟರವರೆಗೆ ಹೋಗಬಹುದು ಎಂಬುದಕ್ಕೆ ತೀರ್ಪೂ ಬರಲಿಲ್ಲ.

ಈ ವಾದದಲ್ಲಿ ನಡುದಾರಿ ಇಲ್ಲದಿಲ್ಲ. ಕಂಪನಿ ಮುದ್ರಿಕೆಯನ್ನು ಮಾರುಕಟ್ಟೆಯಲ್ಲಿ ಇಡದಿದ್ದರೆ ಕಲಾವಿದ ತನ್ನ ಹಕ್ಕನ್ನು ಹಿಂಪಡೆಯಬಹುದು ಎಂಬ ಅಂಶ ಯುರೋಪಿನ ನಿರ್ದೇಶನದಲ್ಲಿದೆ. ಅಮೆರಿಕದ 2018ರ ಕಾಯ್ದೆಯೂ, ಮಾರಾಟದಲ್ಲಿಲ್ಲದ 1972ಕ್ಕಿಂತ ಹಿಂದಿನ ಮುದ್ರಿಕೆಯನ್ನು ಲಾಭವಿಲ್ಲದೆ ಬಳಸಲು ಬಯಸುವವರು ಕೃತಿಸ್ವಾಮ್ಯ ಕಚೇರಿಗೆ ಸೂಚನೆ ಕೊಟ್ಟು 90 ದಿನ ಕಾಯಬಹುದು, ಆ ಅವಧಿಯಲ್ಲಿ ಹಕ್ಕುದಾರರು ಆಕ್ಷೇಪಿಸದಿದ್ದರೆ ಬಳಸಬಹುದು ಎನ್ನುತ್ತದೆ. ತತ್ವ ಸರಿಯಾದದ್ದು, ಹಕ್ಕು ಬೇಕಿದ್ದರೆ ಮುದ್ರಿಕೆಯನ್ನು ಕೇಳುಗರಿಗೆ ದೊರಕಿಸಬೇಕು. ಆದರೆ ಒಂದೊಂದು ತಟ್ಟೆಗೂ ಮೂರು ತಿಂಗಳ ಅರ್ಜಿ ಎಂದರೆ ಸಾವಿರಾರು ತಟ್ಟೆಗಳ ಸಂಗ್ರಹದ ಮುಂದೆ ಅದು ಚಮಚದಲ್ಲಿ ಕೆರೆ ಬರಿದು ಮಾಡುವ ಕೆಲಸ. ಭಾರತದ ಕಾನೂನಿನಲ್ಲಿ ಸಂಶೋಧನೆಗೆ, ಸ್ವಂತ ಬಳಕೆಗೆ ನ್ಯಾಯಯುತ ಉಪಯೋಗದ ಅವಕಾಶವಿದೆ. ಹಂಚುವುದಕ್ಕೆ ಅದು ಒದಗುವುದಿಲ್ಲ.

ಕೇಳುಗರ ಕೈಗೆ ಬರುವ ಪರಿಣಾಮ

ಮೊದಲ ಪರಿಣಾಮ ಸ್ಟ್ರೀಮಿಂಗ್‌ನಲ್ಲಿ ಕಾಣುತ್ತದೆ. ಒಂದು ದೇಶದಲ್ಲಿ ಸಿಗುವ ಆಲ್ಬಂ ಇನ್ನೊಂದು ದೇಶದಲ್ಲಿ ಮಬ್ಬಾಗಿ ತೋರುವುದು, ನಿನ್ನೆ ಇದ್ದದ್ದು ಇಂದು ಇಲ್ಲವಾಗುವುದು, ಒಂದೇ ಮುದ್ರಿಕೆ ಐದಾರು ಹೆಸರಿಲ್ಲದ ಕಂಪನಿಗಳ ಲಾಂಛನದಡಿ ಕಾಣಿಸುವುದು ಇವಕ್ಕೆಲ್ಲ ದೇಶವಾರು ಪರವಾನಗಿ ಮತ್ತು ದೇಶವಾರು ಅವಧಿಗಳೇ ಬಹುಪಾಲು ಕಾರಣ. ಕೊಂಡ ತಟ್ಟೆಯನ್ನು ಯಾರೂ ಕಪಾಟಿನಿಂದ ಹಿಂಪಡೆಯಲಾರರು, ಬಾಡಿಗೆಯ ಧ್ವನಿಗೆ ಆ ಖಾತ್ರಿ ಇಲ್ಲ. ಇಷ್ಟೊಂದು ಸಂಗೀತ ಬೆರಳ ತುದಿಯಲ್ಲಿರುವಾಗಲೂ ಸಂಗ್ರಹಿಸುವ ಹವ್ಯಾಸ ಅಳಿಯದಿರುವುದನ್ನು ಹಳೆಯದರ ಮೋಹವೆಂದಷ್ಟೇ ತಿಳಿಯಬೇಕಿಲ್ಲ.

ಎರಡನೆಯದು ಯಂತ್ರದ ತೀರ್ಪು. ಅಂತರ್ಜಾಲಕ್ಕೆ ಏರಿಸಿದ ಧ್ವನಿಯನ್ನು ಕಂಪನಿಗಳ ಮುದ್ರಿಕೆಗಳೊಡನೆ ಹೋಲಿಸುವ ತಂತ್ರಾಂಶಕ್ಕೆ ಕಾನೂನಿನ ಅವಧಿ ತಿಳಿಯದು. ಪಿಯಾನೋ ವಾದಕ ಜೇಮ್ಸ್ ರೋಡ್ಸ್ 2018ರಲ್ಲಿ ತಾನೇ ನುಡಿಸಿದ ಬಾಖ್‌ನ ತುಣುಕನ್ನು ಫೇಸ್‌ಬುಕ್‌ಗೆ ಏರಿಸಿದಾಗ, ಅದರಲ್ಲಿ 47 ಸೆಕೆಂಡು ತನ್ನದೆಂದು ಸೋನಿ ಮ್ಯೂಸಿಕ್ ಹೆಸರಿನಲ್ಲಿ ಹಕ್ಕಿನ ಆಕ್ಷೇಪ ಬಂತು; ಸದ್ದು ಮಾಡಿದ ಮೇಲೆ ಅದು ಹಿಂದೆ ಹೋಯಿತು. ಸ್ವತಃ ನುಡಿಸಿದವರಿಗೇ ಹೀಗಾದರೆ, ಅವಧಿ ಮುಗಿದ ತಟ್ಟೆಯನ್ನು ಮನೆಯಲ್ಲಿ ಎತ್ತಿ ಹಾಕಿದವರ ಪ್ರತಿ ಕಂಪನಿಯ ಹೊಸ ಪ್ರತಿಗೆ ತಾಳೆಯಾಗುವುದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಎರಡೂ ನಿಜಕ್ಕೂ ಒಂದೇ ಧ್ವನಿ.

ಇಲ್ಲಿ 'ರೀಮಾಸ್ಟರ್' ಎಂಬ ಪದ ಇನ್ನಷ್ಟು ತೊಡಕು ತರುತ್ತದೆ. ಹಳೆಯ ಮುದ್ರಿಕೆಯನ್ನು ಶುದ್ಧಗೊಳಿಸಿದ ಮಾತ್ರಕ್ಕೆ ಹೊಸ ಕೃತಿಸ್ವಾಮ್ಯ ಹುಟ್ಟುವುದಿಲ್ಲ ಎಂಬ ದಿಕ್ಕಿನಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2018ರಲ್ಲಿ ತೀರ್ಪು ಕೊಟ್ಟಿದೆ. ಎಲ್ಲ ದೇಶಗಳಿಗೂ ಆ ತೀರ್ಪು ಅನ್ವಯಿಸುವುದಿಲ್ಲವಾದ್ದರಿಂದ, ಕಂಪನಿಯ ಇತ್ತೀಚಿನ ಸಿ.ಡಿ.ಯಿಂದ ಪ್ರತಿ ಮಾಡುವುದಕ್ಕಿಂತ ಮೂಲ ತಟ್ಟೆಯಿಂದಲೇ ಎತ್ತುವುದು ಸುರಕ್ಷಿತ. ಗೀಚುಬಿದ್ದ ಹಳೆಯ ಅರಗಿನ ತಟ್ಟೆಗೆ ಕೇಳುವ ಸುಖದಾಚೆಗೂ ಒಂದು ಬೆಲೆ ಉಳಿದಿರುವುದು ಹೀಗೆ.

ಮೂರನೆಯದು ಇಸವಿ ಗುರುತಿಸುವ ಕೆಲಸ. ವೃತ್ತದೊಳಗಿನ 'ಪಿ' ಗುರುತು ಮತ್ತು ವರ್ಷವನ್ನು ನಮೂದಿಸುವ ಪದ್ಧತಿ ವ್ಯಾಪಕವಾದದ್ದು 1970ರ ದಶಕದಲ್ಲಿ. ಅದಕ್ಕೂ ಹಿಂದಿನ ಎಷ್ಟೋ ತಟ್ಟೆಗಳ ಮೇಲೆ ವರ್ಷವೇ ಇಲ್ಲ, ಮರುಮುದ್ರಣದ ಮೇಲಿರುವ ವರ್ಷ ಮೊದಲ ಪ್ರಕಟಣೆಯದ್ದಲ್ಲ. ಕಲಾವಿದ ಹಾಡಿದ ವರ್ಷಕ್ಕೂ ತಟ್ಟೆ ಹೊರಬಂದ ವರ್ಷಕ್ಕೂ ಅಂತರವಿರಬಹುದು, ಕಾನೂನಿಗೆ ಬೇಕಿರುವುದು ಎರಡನೆಯದು. ಹೀಗಾಗಿ ತಟ್ಟೆಯ ಮೂಲ ಅಚ್ಚನ್ನು ಗುರುತಿಸಲು ಲೇಬಲ್ಲಿನ ಬಳಿ ಕೊರೆದಿರುವ ಮ್ಯಾಟ್ರಿಕ್ಸ್ ಸಂಖ್ಯೆ, ಕಂಪನಿಯ ಹಳೆಯ ಕ್ಯಾಟಲಾಗು, ತಟ್ಟೆಯ ಮೂಲ ಹೊದಿಕೆ ಇವನ್ನೆಲ್ಲ ಕಾಪಿಟ್ಟು ಪಟ್ಟಿ ಮಾಡಿದ ಸಂಗ್ರಾಹಕರ ಕೈಯಲ್ಲಿ ಈಗ ಕಾನೂನಿಗೂ ಬೇಕಾದ ಪುರಾವೆಯಿದೆ. ಹೊದಿಕೆ ಎಸೆದು ಧ್ವನಿಯನ್ನಷ್ಟೇ ಕಡತವಾಗಿ ಉಳಿಸಿಕೊಂಡವರು ಆ ಪುರಾವೆಯನ್ನೂ ಎಸೆದಂತಾಗಿದೆ.

2027ರ ಜನವರಿ 1ಕ್ಕೆ ಅಮೆರಿಕದಲ್ಲಿ 1926ರ ತಟ್ಟೆಗಳ ಸರದಿ, ಭಾರತದಲ್ಲಿ 1966ರವುಗಳದ್ದು. ಅಂದು ಸೋಲ್ಟಿಯ 'ವಾಲ್ಕ್ಯೂರ' ಸೇರಿ ಭಾರತದ ಕೇಳುಗರಿಗೆ 'ರಿಂಗ್' ಪೂರ್ತಿಯಾಗುತ್ತದೆ. ಅದೇ ದಿನ ಯುರೋಪಿನ ಕೇಳುಗರ ಕೈಯಲ್ಲಿರುವುದು ನಾಲ್ಕರಲ್ಲಿ ಒಂದು.